ಐಸ್ ಬಾರ್‌ಗೆ ಅತ್ತೆ-ಮಾವನನ್ನೂ ಕರೆದುಕೊಂಡು ಹೋಗು

ಪುಟ್ಟಿ, ಜೂನ್‌ನಲ್ಲಿ ಸ್ವೀಡನ್ನಿಗೆ ಹೋದಾಗ ಸ್ಟಾಕ್‌ಹೋಮಿನ ಐಸ್ ಬಾರ್ ನೋಡಬೇಕು ಅಂತ ನೀನೂ ಅಳಿಯಂದಿರೂ ಮಾತಾಡಿಕೊಂಡಿದ್ದೀರಿ, ಕೇಳಿ ಖುಷಿಯಾಯಿತು. ಆದರೆ ಆ ಹೊತ್ತಿಗೆ ಅತ್ತೆ-ಮಾವನನ್ನು ರೂಮಿನಲ್ಲೇ ಬಿಟ್ಟು ಹೋಗುವ ಯೋಚನೆ ಇದೆ ಅಂದೆಯಲ್ಲ, ಅದು ನನ್ನ ಮನಸ್ಸಿಗೆ ಒಪ್ಪಲಿಲ್ಲ. "ಅವರಿಗೆ ಆ ಚಳಿ ತಡೆಯೋಕಾಗಲ್ಲ ದೊಡ್ಡಮ್ಮ" ಅಂದೆ. ಸರಿಯಾಗಿ ಸಜ್ಜು ಮಾಡಿ ಕರೆದುಕೊಂಡು ಹೋದರೆ, ದೊಡ್ಡ ಕಾಯಿಲೆ ಏನೂ ಇಲ್ಲದ ಹಿರಿಯರು ಅಲ್ಲಿ ಇಪ್ಪತ್ತು ನಿಮಿಷ, ಅರ್ಧ ಗಂಟೆ ನಿಲ್ಲುವುದು ಕಷ್ಟವಲ್ಲ. ನಾನೂ ನಿನ್ನ ದೊಡ್ಡಪ್ಪನೂ ನಿಂತು ಬಂದವರೇ. ಅದಕ್ಕೇ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಕೂತು ಬರೆಯುತ್ತಿದ್ದೇನೆ.

ಮೊದಲು ನಿನ್ನ ಅತ್ತೆಯವರ ವಿಚಾರ. ಬಾರ್ ಅಂದ ಕೂಡಲೇ ಅವರು ಹಿಂದೇಟು ಹಾಕುತ್ತಾರೆ, ಅದು ಸಹಜ. ನಮ್ಮ ಊರುಗಳಲ್ಲಿ ಬಾರ್ ಅಂದರೆ ಕತ್ತಲೆ ಬಾಗಿಲು, ಹೆಂಗಸರು ರಸ್ತೆಯ ಆಚೆ ಬದಿಯಿಂದ ದಾಟಿ ಹೋಗುವ ಜಾಗ. ಇದು ಹಾಗಲ್ಲ ಅಂತ ಮುಂಚೆಯೇ ಬಿಡಿಸಿ ಹೇಳು. ಹಗಲು ಹೊತ್ತಿನಲ್ಲಿ ಮಕ್ಕಳು-ಮರಿ ಕಟ್ಟಿಕೊಂಡು ಸಂಸಾರಸ್ಥರೇ ಬರುತ್ತಾರೆ. ಟಿಕೆಟ್ಟಿನ ಜೊತೆ ಒಂದು ಪಾನೀಯ ಸೇರಿರುತ್ತದೆ, ಮದ್ಯವಿಲ್ಲದ ಹಣ್ಣಿನ ರಸವನ್ನೇ ಕೇಳಿ ತೆಗೆದುಕೊಳ್ಳಬಹುದು. ಕುಡಿಯಲೇಬೇಕು ಅಂತಲೂ ಇಲ್ಲ. ಸಂಜೆ ತಡವಾಗಿ ಹೋದರೆ ಗಲಾಟೆ, ಗುಂಪು. ಆದ್ದರಿಂದ ಮಧ್ಯಾಹ್ನದ ಮೊದಲ ಸರದಿಗೇ ಬುಕ್ ಮಾಡು. ಜನ ಕಡಿಮೆ ಇದ್ದಷ್ಟೂ ಒಳಗಿರುವುದು ಕಣ್ಣಿಗೆ ಬೀಳುತ್ತದೆ.

ಜಾಗ ಹುಡುಕುವ ಕಷ್ಟ ಇಲ್ಲ. ಸ್ಟಾಕ್‌ಹೋಮಿನ ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಹೋಟೆಲಿನಲ್ಲೇ ಇದೆ, 2002ರಲ್ಲಿ ಶುರುವಾದದ್ದು. ಹೊರಕೋಣೆಯಲ್ಲಿ ತಲೆಗವುಸಿರುವ ದಪ್ಪ ನಿಲುವಂಗಿಯನ್ನು ಮೇಲಿಂದ ತೊಡಿಸುತ್ತಾರೆ, ಕೈಗವುಸು ಕೊಡುತ್ತಾರೆ. ಆಮೇಲೆ ಬಾಗಿಲು ದಾಟಿ ಒಳಗೆ. ವರ್ಷದ ಹನ್ನೆರಡು ತಿಂಗಳೂ ಅಲ್ಲಿ ಮೈನಸ್ 5ರಿಂದ ಮೈನಸ್ 7 ಡಿಗ್ರಿ. ಗೋಡೆ, ಕಟ್ಟೆ, ಗೋಡೆಯಲ್ಲಿ ಕೆತ್ತಿದ ಚಿತ್ತಾರ, ಕೊನೆಗೆ ಕೈಯಲ್ಲಿ ಹಿಡಿಯುವ ಲೋಟ ಕೂಡ ಮಂಜುಗಡ್ಡೆಯದು.

ಈಗ, ಮಾವನವರನ್ನು ಬಿಟ್ಟು ಹೋಗಬೇಡ ಅಂತ ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ, ಅದನ್ನು ಹೇಳುತ್ತೇನೆ. ಆ ಮಂಜುಗಡ್ಡೆ ಯಾವುದೋ ಫ್ರೀಜರಿನಲ್ಲಿ ಮಾಡಿದ್ದಲ್ಲ. ಸ್ವೀಡನ್ನಿನ ಉತ್ತರದ ತುದಿಯಲ್ಲಿ, ಆರ್ಕ್ಟಿಕ್ ವೃತ್ತಕ್ಕೂ ಸುಮಾರು 200 ಕಿ.ಮೀ. ಮೇಲೆ, ಯುಕ್ಕಸ್‌ಯಾರ್ವಿ ಅಂತ ಒಂದು ಸಣ್ಣ ಹಳ್ಳಿ ಇದೆ. ಅದರ ಮಗ್ಗುಲಲ್ಲಿ ಟೋರ್ನೆ ನದಿ ಹರಿಯುತ್ತದೆ. ಚಳಿಗಾಲದಲ್ಲಿ ನದಿಯ ಮೇಲ್ಮೈ ಹೆಪ್ಪುಗಟ್ಟುತ್ತ ಹೋಗಿ, ಮಾರ್ಚ್ ಹೊತ್ತಿಗೆ ಆಳುದ್ದದ ಅರ್ಧಕ್ಕಿಂತ ದಪ್ಪವಾಗಿರುತ್ತದೆ. ಆಗ ಅದನ್ನು ಯಂತ್ರದ ಗರಗಸದಿಂದ ಕೊಯ್ದು, ಒಂದೊಂದೂ ಸುಮಾರು 2 ಟನ್ ತೂಗುವ ಗಡ್ಡೆಗಳಾಗಿ ಎತ್ತಿ, ತಂಪು ದಾಸ್ತಾನಿನಲ್ಲಿ ಪೇರಿಸಿ ಇಡುತ್ತಾರೆ. ಸ್ಟಾಕ್‌ಹೋಮಿನ ಆ ಕೋಣೆಗೆ ಬರುವುದು ಆ ನದಿಯೇ.

ಆ ಟೋರ್ನೆ ನದಿಗೆ ಅಣೆಕಟ್ಟಿಲ್ಲ ಪುಟ್ಟಿ. ಜಲವಿದ್ಯುತ್ತಿಗಾಗಿ ಕಟ್ಟಕೂಡದು ಅಂತ ಸ್ವೀಡನ್ ಕಾನೂನಿನಲ್ಲೇ ಕಾಯ್ದಿಟ್ಟಿರುವ ನಾಲ್ಕು ರಾಷ್ಟ್ರೀಯ ನದಿಗಳಲ್ಲಿ ಅದೂ ಒಂದು. ಹುಟ್ಟುವ ಸರೋವರದಿಂದ ಸಮುದ್ರ ಸೇರುವ ತನಕ 500 ಕಿ.ಮೀ.ಗೂ ಮಿಕ್ಕಿದ ಹರಿವು, ಕೆಳಭಾಗದಲ್ಲಿ ಸ್ವೀಡನ್-ಫಿನ್‌ಲ್ಯಾಂಡ್ ಎರಡಕ್ಕೂ ಗಡಿ. ನಿನ್ನ ಮಾವನವರು ಸಾಗರದ ಮುಳುಗಡೆ ಕುಟುಂಬದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅವರ ಮನೆ, ಗದ್ದೆ, ಅಡಿಕೆ ತೋಟ ಎಲ್ಲ ನೀರಿನಡಿ ಹೋಯಿತು. ಅವರು ಆಗ ಸಣ್ಣ ಹುಡುಗ. ನಿಮ್ಮ ಮದುವೆಯ ಮಾತುಕತೆಗೆ ಹೋದ ದಿನ ಜಗಲಿಯಲ್ಲಿ ಕೂತು ಅವರು ಶರಾವತಿಯ ಬಗ್ಗೆ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಯಾರೂ ತಡೆಯದೆ ಬಿಟ್ಟ ಒಂದು ನದಿಯನ್ನು ಕೈಯಿಂದ ಮುಟ್ಟಿ ನೋಡುವ ಅವಕಾಶ ಅವರಿಗೆ ಸಿಗಲಿ. ನಿಮ್ಮಿಬ್ಬರಿಗೆ ಅದು ಫೋಟೋ ತೆಗೆಯುವ ಜಾಗವಾಗಬಹುದು. ಅವರಿಗೆ ಅದರಲ್ಲಿ ಬೇರೇನೋ ಕಾಣುತ್ತದೆ ಅಂತ ನನ್ನ ನಂಬಿಕೆ. ಹೋಗುವ ಹಿಂದಿನ ರಾತ್ರಿ ಈ ನದಿಯ ಕಥೆಯನ್ನು ಅವರಿಗೆ ನೀನೇ ಹೇಳು. ಗೊತ್ತಿಲ್ಲದೆ ಒಳಗೆ ಹೋದರೆ ಬರೀ ಬಣ್ಣದ ದೀಪ ಹಾಕಿದ ತಣ್ಣನೆ ಕೋಣೆ, ಅಷ್ಟೇ.

ಇದೆಲ್ಲ ಶುರುವಾದದ್ದೂ ಚೆನ್ನಾಗಿದೆ. ಇಂಗ್ವೆ ಬರ್ಗ್‌ಕ್ವಿಸ್ಟ್ ಅನ್ನುವವರು ಆ ಊರಿನಲ್ಲಿ ಬೇಸಗೆಯಲ್ಲಿ ಪ್ರವಾಸಿಗಳನ್ನು ನದಿಯ ಮೇಲೆ ತೆಪ್ಪದಲ್ಲಿ ಕರೆದೊಯ್ಯುತ್ತಿದ್ದರು. ಚಳಿಗಾಲ ಬಂತೆಂದರೆ ಕತ್ತಲು, ಹಿಮ, ಒಬ್ಬ ಗಿರಾಕಿಯೂ ಇಲ್ಲ. ಆ ಕತ್ತಲು, ಹಿಮವನ್ನೇ ತೋರಿಸೋಣ ಅಂತ ಹೊರಟರು. 1990ರಲ್ಲಿ ಹಿಮದ ಗುಡಿಸಲು ಕಟ್ಟಿ ಅದರೊಳಗೆ ಕಲಾಪ್ರದರ್ಶನ ಇಟ್ಟರು. ಒಂದು ರಾತ್ರಿ ಊರಿನಲ್ಲಿ ರೂಮು ಸಿಗದ ಕೆಲವರು ಅದರೊಳಗೇ ಹಿಮಸಾರಂಗದ ಚರ್ಮ ಹಾಸಿಕೊಂಡು ಮಲಗಿ ಎದ್ದರು. ಹಿಮ, ಮಂಜುಗಡ್ಡೆಯಿಂದಲೇ ಕಟ್ಟುವ ಅಲ್ಲಿನ ಐಸ್ ಹೋಟೆಲಿನ ಹುಟ್ಟು ಅದೇ. ಪ್ರತಿ ಚಳಿಗಾಲವೂ ಹೊಸದಾಗಿ ಕಟ್ಟುತ್ತಾರೆ, ವಸಂತದಲ್ಲಿ ಅದು ಕರಗಿ ಮತ್ತೆ ಟೋರ್ನೆಗೇ ಸೇರುತ್ತದೆ. 2016ರಿಂದ ವರ್ಷವಿಡೀ ಉಳಿಯುವ ಒಂದು ಭಾಗವನ್ನೂ ಮಾಡಿದ್ದಾರೆ. ಬೇಸಗೆಯಲ್ಲಿ ಅಲ್ಲಿ ನಡುರಾತ್ರಿಯೂ ಸೂರ್ಯ ಮುಳುಗುವುದಿಲ್ಲ, ಆ ಬಿಸಿಲಿನ ವಿದ್ಯುತ್ತೇ ಮಂಜನ್ನು ತಂಪಾಗಿ ಇಡುತ್ತದೆ.

ಒಳಗೆ ಹೋದ ಮೇಲೆ ಮೊದಲ ಐದು ನಿಮಿಷ ಯಾರೂ ಫೋನ್ ತೆಗೆಯಬೇಡಿ. ಗೋಡೆಯ ಹತ್ತಿರ ಹೋಗಿ ನೋಡಿ. ಮಲ್ಪೆ ಬಂದರಿನಲ್ಲಿ ಮೀನಿಗೆ ಹಾಕುವ ಐಸ್ ಗಡ್ಡೆ ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ಹೊರಗೆ ಸ್ವಲ್ಪ ತಿಳಿ, ನಡುವೆ ಹಾಲಿನ ಬಿಳಿ. ಡಬ್ಬದಲ್ಲಿಟ್ಟ ನೀರು ಸುತ್ತಲಿಂದಲೂ ಹೆಪ್ಪುಗಟ್ಟುತ್ತ ಬರುವಾಗ ಅದರಲ್ಲಿ ಕರಗಿದ್ದ ಗಾಳಿ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಆ ಗುಳ್ಳೆಗಳೇ ಬಿಳಿ ಬಣ್ಣ. ನದಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಕೆಳಗೆ ಹರಿಯುತ್ತಲೇ ಇರುವ ನೀರು ಗಾಳಿಯನ್ನೂ ಕೊಳೆಯನ್ನೂ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಟೋರ್ನೆಯ ಗಡ್ಡೆ ಗಾಜಿನ ಹಾಗೆ ಪಾರದರ್ಶಕ. ನಾನು ನಿಂತ ಕಡೆ ಗೋಡೆಯೊಳಗೆ, ಒಂದು ಗೇಣು ಆಳದಲ್ಲಿ, ಸೂಜಿಯ ಮೊನೆಯಷ್ಟು ಗುಳ್ಳೆಗಳ ಒಂದೇ ಒಂದು ಸಾಲು ನೇರವಾಗಿ ಮೇಲಕ್ಕೆ ನಿಂತಿತ್ತು. ಅದರಾಚೆ ನಿಂತಿದ್ದವರ ಮುಖ ಚೆನ್ನಾಗಿ ಕಾಣುತ್ತಿತ್ತು. ನಿನ್ನ ದೊಡ್ಡಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಗುಳ್ಳೆಗಳನ್ನೇ ನೋಡುತ್ತ ನಿಂತುಬಿಟ್ಟರು. ದೀಪದ ಬಣ್ಣ ಬದಲಾಗುತ್ತಿರುತ್ತದೆ. ಬಿಳಿ ಬೆಳಕು ಬಂದಾಗ ದಪ್ಪ ಗಡ್ಡೆಯ ಅಂಚನ್ನು ಗಮನಿಸು. ತಿಳಿನೀಲಿ ಕಾಣಿಸುತ್ತದೆ, ಅದು ದೀಪದ್ದಲ್ಲ. ಮಂಜು ಬೆಳಕಿನ ಕೆಂಪನ್ನು ಒಂದಿಷ್ಟು ಹೀರಿಕೊಳ್ಳುವುದರಿಂದ ಬರುವ ಅದರದೇ ಬಣ್ಣ.

ಇನ್ನು ಸಿದ್ಧತೆ. ಇದರಲ್ಲಿ ಕಾಲು ಮುಖ್ಯ, ಮಿಕ್ಕದ್ದೆಲ್ಲ ಆಮೇಲೆ. ಅವರು ಕೊಡುವ ನಿಲುವಂಗಿ ಮೈಗೆ, ಕೈಗೆ ಸಾಕು. ಪಾದಕ್ಕೆ ನಾವೇ ನೋಡಿಕೊಳ್ಳಬೇಕು. ಜೂನ್ ಅಂತ ಚಪ್ಪಲಿ ಹಾಕಿಕೊಂಡು ಬರುವವರು ಎಷ್ಟೋ ಜನ, ಅವರು ಹತ್ತು ನಿಮಿಷಕ್ಕೇ ಹೊರಗೆ ಓಡುತ್ತಾರೆ. ಇಬ್ಬರಿಗೂ ಉಣ್ಣೆಯ ಕಾಲುಚೀಲ, ರಬ್ಬರ್ ಅಟ್ಟೆಯ ಮುಚ್ಚಿದ ಶೂ ಇರಲಿ. ಶೂ ಬಿಗಿಯಾಗಿರಬಾರದು. ಬಿಗಿದಷ್ಟೂ ಬೆರಳಿಗೆ ರಕ್ತ ಹೋಗುವುದು ಕಡಿಮೆ, ಅಷ್ಟೇ ಬೇಗ ಮರಗಟ್ಟುತ್ತದೆ. ಅತ್ತೆಯವರು ಸೀರೆಯಲ್ಲೇ ಬರುತ್ತೇನೆ ಅಂದರೆ ಬರಲಿ. ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಹಾಕಿಕೊಂಡು, ಸೀರೆಯನ್ನು ಪಾದದ ಗಂಟಿನಿಂದ ಸ್ವಲ್ಪ ಮೇಲೆ ಉಟ್ಟರೆ ಎಡವುವ ಭಯ ಇರುವುದಿಲ್ಲ. ಕಾಲುಂಗುರದ ಬಗ್ಗೆ ಮಾತ್ರ ನಯವಾಗಿ ಕೇಳು. ದಪ್ಪ ಕಾಲುಚೀಲದೊಳಗೆ ಅದು ಬೆರಳನ್ನು ಒತ್ತುತ್ತದೆ, ಬೆಳ್ಳಿ ಬೇಗ ತಣ್ಣಗಾಗುತ್ತದೆ. ತೆಗೆಯಲು ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬೇಡ, ಒಂದು ಅಳತೆ ದೊಡ್ಡ ಶೂ ಕೊಡಿಸು. ಓಲೆ, ಬಳೆಯನ್ನು ಬಟ್ಟೆ ಮುಚ್ಚಿದ್ದರೆ ಸಾಕು. ಕಿವಿಗೆ ಮಂಕಿ ಕ್ಯಾಪ್ ಇದ್ದೇ ಇದೆಯಲ್ಲ, ಊಟಿಗೆ ಹೋದಾಗ ಕೊಂಡದ್ದು. ಅದನ್ನು ಹಾಕಿಕೊಳ್ಳಲು ನಾಚಿಕೆ ಬೇಡ ಅಂತ ಹೇಳು.

ಮಾವನವರಿಗೆ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ ಇದೆ ಅಂದಿದ್ದೆ. ಟಿಕೆಟ್ ಬುಕ್ ಮಾಡುವ ಮೊದಲು ಅವರ ಡಾಕ್ಟರನ್ನು ಕೇಳಲೇಬೇಕು, ಇದನ್ನು ಮುಂದೂಡಬೇಡ. ಏಕಾಏಕಿ ಚಳಿಗೆ ಒಡ್ಡಿಕೊಂಡಾಗ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಒತ್ತಡ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಎದೆನೋವಿನ ತೊಂದರೆ ಇದ್ದವರು ಒಳಗೆ ಹೋಗದಿರುವುದೇ ಕ್ಷೇಮ. ಅತ್ತೆಯವರ ಹಾಗೆ ಉಬ್ಬಸ ಇದ್ದವರಿಗೆ ತಣ್ಣನೆಯ ಒಣಗಾಳಿ ಉಸಿರು ಕಟ್ಟಿಸಬಹುದು. ಅತ್ತೆಯವರ ಇನ್‌ಹೇಲರ್ ಕೈಚೀಲದಲ್ಲಿ ಬೇಡ, ಮೈಗೆ ತಾಗುವ ಒಳಜೇಬಿನಲ್ಲಿರಲಿ, ತಣ್ಣಗಾದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುತ್ತದೆ. ಕಾಲು ತಣ್ಣಗಾಗಿ ಮರಗಟ್ಟಿದ್ದೂ ಅವರಿಗೆ ತಿಳಿಯುವುದಿಲ್ಲ. "ಮಾವ, ಚಳಿ ಆಗ್ತಿದೆಯಾ?" ಅಂತ ಕೇಳಿದರೆ "ಏನೂ ಇಲ್ಲ ಮಗಳೇ" ಅಂತಲೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದ್ದರಿಂದ ಅವರ ಮಾತಿನ ಮೇಲೆ ಬಿಡದೆ ಗಡಿಯಾರ ನೋಡಿಕೊಂಡು ಹದಿನೈದು-ಇಪ್ಪತ್ತು ನಿಮಿಷಕ್ಕೆ ಅವರನ್ನು ಹೊರಗೆ ಕರೆದು ತಾ.

ಲೋಟದ ವಿಷಯಕ್ಕೆ ಬರುತ್ತೇನೆ. ಅದು ಹೊರಗೆ ಚೌಕ, ಒಳಗೆ ದುಂಡಗಿನ ಕುಳಿ, ಗೋಡೆ ಬೆರಳಿನಷ್ಟು ದಪ್ಪ. ಹಿಡಿ ಇಲ್ಲ, ಜಾರುತ್ತದೆ. ಕೈಗವುಸು ತೆಗೆಯದೆ ಎರಡೂ ಕೈಯಲ್ಲಿ ಹಿಡಿಯಬೇಕು. ಮೊದಲ ಗುಟುಕಿಗೆ ಒದ್ದೆ ತುಟಿ ಅಂಚಿಗೆ ಚಿಟಿಕೆಯಷ್ಟು ಹಿಡಿದುಕೊಳ್ಳಬಹುದು. ಗಾಬರಿಯಿಂದ ಎಳೆಯಬಾರದು. ಬಾಯಿಂದ ಮೆಲ್ಲಗೆ ಬಿಸಿಯುಸಿರು ಬಿಟ್ಟರೆ ತಾನೇ ಬಿಡುತ್ತದೆ. ಹೋಗುವ ಮುಂಚೆ ಎಲ್ಲರೂ ತುಟಿಗೆ ವ್ಯಾಸಲೀನ್ ಸವರಿಕೊಂಡರೆ ಆ ತಾಪತ್ರಯವೇ ಇಲ್ಲ. ಕುಡಿಯುತ್ತ ಹೋದ ಹಾಗೆ ತುಟಿ ತಾಗಿದ ಕಡೆ ಅಂಚು ಕರಗಿ ನುಣುಪಾಗಿ ಒಂದು ಸಣ್ಣ ತಗ್ಗು ಬೀಳುತ್ತದೆ. ನಿನ್ನ ಲೋಟ ಯಾವುದು ಅಂತ ಆ ತಗ್ಗಿನಿಂದಲೇ ಗುರುತು ಹಿಡಿಯಬಹುದು.

ಅಳಿಯಂದಿರಿಗೆ ಒಂದು ಮಾತು, ನೀನೇ ತಲುಪಿಸು. ಚಳಿಗೆ ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಅನ್ನುವುದು ಮೈಗೆ ಆಗುವ ಭ್ರಮೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಸಿರಕ್ತ ಮೇಲಕ್ಕೆ ಬರುತ್ತದೆ, ಆ ಕ್ಷಣಕ್ಕೆ ಹಿತ ಅನಿಸುತ್ತದೆ. ಆದರೆ ಮೈಯೊಳಗಿನ ಶಾಖ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಟಿಕೆಟ್ಟಿನ ಜೊತೆ ಬರುವ ಒಂದು ಸಾಕು, ಎರಡನೆಯದು ಬೇಕೆನಿಸಿದರೆ ಹೊರಗೆ ಬಂದು ಬೆಚ್ಚಗೆ ಕೂತ ಮೇಲೆ. ತಂದೆ-ತಾಯಿಯನ್ನು ನೋಡಿಕೊಳ್ಳುವ ಕೆಲಸ ಆ ಹೊತ್ತಿಗೆ ಅವರದೂ ಹೌದು, ನಿನ್ನೊಬ್ಬಳದೇ ಅಲ್ಲ.

ಫೋಟೋ ಬೇಡ ಅನ್ನುವುದಿಲ್ಲ. ಫೋನನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಬೆಚ್ಚಗಾದ ಮೇಲೆ ಮತ್ತೆ ಸರಿಹೋಗುತ್ತದೆ. ಒಬ್ಬರೇ ಕೈಗವುಸು ತೆಗೆದು ಎಲ್ಲರ ಫೋಟೋ ತೆಗೆಯಲಿ. ಅಂದ ಹಾಗೆ, ಅಳಿಯಂದಿರು ಆ ದೊಡ್ಡ ಕ್ಯಾಮೆರಾ ತರುವುದಾದರೆ ಒಂದು ಜಿಪ್ ಚೀಲವೂ ಇರಲಿ. ಹೊರಗೆ ಬರುವ ಮುಂಚೆಯೇ ಅದರೊಳಗೆ ಹಾಕಿ ಮುಚ್ಚಿ ಅರ್ಧ ಗಂಟೆ ತೆಗೆಯಬಾರದು. ಇಲ್ಲವಾದರೆ ಹೊರಗಿನ ಗಾಳಿಯ ತೇವವೆಲ್ಲ ತಣ್ಣನೆ ಲೆನ್ಸಿನ ಮೇಲೆ ನೀರಾಗಿ ಕೂರುತ್ತದೆ. ಕನ್ನಡಕಕ್ಕೂ ಅದೇ ಗತಿ. ಮಾವನವರು ಬಾಗಿಲು ದಾಟಿ ಹೊರಬಂದ ಕೂಡಲೇ ಕನ್ನಡಕ ಮಂಜಾಗಿ ಏನೂ ಕಾಣುವುದಿಲ್ಲ, ಆಗ ಯಾರಾದರೊಬ್ಬರು ಕೈ ಹಿಡಿದುಕೊಂಡಿರಬೇಕು.

ಯಾರಿಗೆ ಮೊದಲು ಸಾಕು ಅನಿಸುತ್ತದೋ ಅವರ ಜೊತೆ ಒಬ್ಬರು ಹೊರಡಬೇಕು, ಇದನ್ನು ಮೊದಲೇ ಮಾತಾಡಿಕೊಳ್ಳಿ. "ಇಷ್ಟು ದುಡ್ಡು ಕೊಟ್ಟಿದ್ದೇವೆ, ಇನ್ನೂ ಸ್ವಲ್ಪ ಇರಿ" ಅನ್ನುವ ಮಾತು ಯಾರ ಬಾಯಿಂದಲೂ ಬರಬಾರದು. ನಮ್ಮ ಹಿರಿಯರು ಮಕ್ಕಳ ದುಡ್ಡು ಹಾಳಾಗುತ್ತದಲ್ಲ ಅಂತ ಹಲ್ಲು ಕಚ್ಚಿಕೊಂಡು ನಿಲ್ಲುವ ಜಾತಿ. ಟಿಕೆಟ್ಟಿನ ಬೆಲೆಯನ್ನು ಅವರಿಗೆ ಹೇಳುವ ಅಗತ್ಯವೇ ಇಲ್ಲ.

ನಿನ್ನ ನಾದಿನಿ ದುಬೈನಲ್ಲಿ ಇದ್ದಾಳಲ್ಲ, ಅವಳಿಗೂ ಇದನ್ನು ಓದಿಸು. ಅಲ್ಲಿ ಶೇಖ್ ಜಾಯೆದ್ ರಸ್ತೆಯ ಹತ್ತಿರ ಒಂದು ಮಾಲ್‌ನಲ್ಲಿ 2007ರಲ್ಲಿ ಇಂಥದೇ ಒಂದು ಐಸ್ ಲೌಂಜ್ ತೆರೆದರು. ಅದು ಮದ್ಯವಿಲ್ಲದ ಜಾಗ, ಮಕ್ಕಳಿರುವ ಮನೆಯವರಿಗೆ ಹೇಳಿ ಮಾಡಿಸಿದ್ದು. ನದಿಯ ಕಥೆ ಅಲ್ಲಿ ಸಿಗುವುದಿಲ್ಲ. ಹೊರಗೆ 45 ಡಿಗ್ರಿ ಬಿಸಿಲು, ಒಳಗೆ ಮೈನಸ್ 6. ಬಿಸಿಲಿನಿಂದ ನೇರ ನುಗ್ಗದೆ ಮಾಲ್‌ನಲ್ಲಿ ಸ್ವಲ್ಪ ಹೊತ್ತು ಓಡಾಡಿ, ಬೆವರು ಪೂರ್ತಿ ಆರಿದ ಮೇಲೆ ಹೋಗಬೇಕು. ಒದ್ದೆ ಬಟ್ಟೆಯಲ್ಲಿ ಚಳಿ ದುಪ್ಪಟ್ಟು ಕಚ್ಚುತ್ತದೆ.

ಮುಂದೆ ಯಾವಾಗಲಾದರೂ ಜನವರಿಯಲ್ಲಿ ಸ್ವೀಡನ್ನಿಗೆ ಹೋದರೆ ಸ್ಟಾಕ್‌ಹೋಮಿನ ಬಾರ್‌ಗೆ ಹೋಗಬೇಡಿ. ಆ ದುಡ್ಡು ಉಳಿಸಿ ರಾತ್ರಿ ರೈಲು ಹತ್ತಿ ಕಿರುನಾಕ್ಕೆ ಹೋಗಿ. ಕಬ್ಬಿಣದ ಗಣಿಯ ಸಲುವಾಗಿ ಊರಿಗೆ ಊರನ್ನೇ ಪಕ್ಕಕ್ಕೆ ಸರಿಸುತ್ತಿರುವ ಜಾಗ ಅದು, 2025ರ ಆಗಸ್ಟಿನಲ್ಲಿ ನೂರು ವರ್ಷ ದಾಟಿದ ಮರದ ಚರ್ಚನ್ನು ಇಡಿಯಾಗಿ ಗಾಲಿಯ ಮೇಲೆ ಹೊತ್ತು ಸಾಗಿಸಿದರು. ಮುಳುಗಡೆಯಲ್ಲಿ ಊರು ಬಿಟ್ಟ ಮಾವನವರಿಗೆ ಅದೂ ನೋಡಬೇಕಾದದ್ದೇ. ಅಲ್ಲಿಂದ ಯುಕ್ಕಸ್‌ಯಾರ್ವಿ ಬಸ್ಸಿನ ದಾರಿ, ಹೆಪ್ಪುಗಟ್ಟಿದ ಟೋರ್ನೆಯ ಮೇಲೇ ನಡೆಯಬಹುದು. ವರ್ಷವಿಡೀ ಯಂತ್ರ ಓಡಿಸಿ ಊರಿನ ನಡುವೆ ಮಂಜು ಕಾಯುವುದಕ್ಕಿಂತ, ನದಿ ಇದ್ದಲ್ಲಿಗೆ ನಾವು ಹೋಗುವುದೇ ನನಗೆ ಹೆಚ್ಚು ಸರಿ ಕಾಣುತ್ತದೆ. ಈ ಸಲ ಹಿರಿಯರು ಜೊತೆಗಿದ್ದಾರೆ, ಅಷ್ಟು ದೂರ ಬೇಡ. ಇರುವಲ್ಲಿಯೇ ನೋಡಲಿ.

ಹೊರಗೆ ಬಂದ ಮೇಲೆ ಹತ್ತಿರದ ಯಾವುದಾದರೂ ಕೆಫೆಯಲ್ಲಿ ಬಿಸಿ ಕಾಫಿ, ಒಂದು ದಾಲ್ಚಿನ್ನಿ ಬನ್ನು ಕೊಡಿಸಿ ಕೂರಿಸು. ಮಾವನವರಿಗೆ ಬನ್ನಿನ ಅರ್ಧ ಸಾಕು. ಕೂತಲ್ಲೇ ಅವರ ಶೂ, ಕಾಲುಚೀಲ ಬಿಚ್ಚಿಸಿ ಬೆರಳುಗಳನ್ನು ಒಂದೊಂದಾಗಿ ನೋಡು. ಬಿಳಿಚಿಕೊಂಡಿದ್ದರೆ ತಿಕ್ಕಬೇಡ, ಒಣ ಉಣ್ಣೆಯ ಬೇರೆ ಜೊತೆ ಕಾಲುಚೀಲ ಹಾಕಿ ಹಾಗೇ ಬಿಡು. ಮನೆಯಲ್ಲಿ ಮಾಡುವ ಹಾಗೆ ರೂಮಿಗೆ ಬಂದು ಬಕೆಟ್ಟಿನಲ್ಲಿ ಬಿಸಿನೀರು ತುಂಬಿ ಕಾಲಿಡಿಸುವುದು, ಹೀಟರಿಗೆ ಪಾದ ಒಡ್ಡುವುದು ಖಂಡಿತ ಕೂಡದು. ಸ್ಪರ್ಶ ತಿಳಿಯದ ಪಾದ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ, ಆ ಗಾಯ ಮಾಯಲು ತಿಂಗಳುಗಟ್ಟಲೆ ಬೇಕು. ತೊಳೆಯಲೇಬೇಕಿದ್ದರೆ ಉಗುರುಬೆಚ್ಚಗಿನ ನೀರು, ಅದನ್ನೂ ನಿನ್ನ ಮೊಣಕೈಯಿಂದ ಮುಟ್ಟಿ ನೋಡಿ ಆಮೇಲೆ. ಅಂದು ಸಂಜೆ ಬೆರಳಿನ ಬಣ್ಣ ಮೊದಲಿನ ಹಾಗೆ ಆಗದಿದ್ದರೆ, ಗುಳ್ಳೆ ಎದ್ದರೆ, ಬೆಳಗಿನ ತನಕ ಕಾಯದೆ ಡಾಕ್ಟರಿಗೆ ತೋರಿಸು. ಅದಕ್ಕಾಗಿಯೇ ಪ್ರಯಾಣ ವಿಮೆಯ ಕಾಗದ ಕೈಚೀಲದಲ್ಲಿರಲಿ, ಅವರ ಹಳೆಯ ಕಾಯಿಲೆಗಳನ್ನು ಅದರಲ್ಲಿ ಮುಚ್ಚಿಡದೆ ಬರೆಸಿರು. ಈ ವಾರ ಡಾಕ್ಟರ್ ಹತ್ತಿರ ಮಾತಾಡಿ ನನಗೊಂದು ಫೋನ್ ಮಾಡು. ಉಣ್ಣೆಯ ಕಾಲುಚೀಲ ನಮ್ಮ ಮನೆಯಲ್ಲಿ ಎರಡು ಜೊತೆ ಇದೆ, ಮುಂದಿನ ಶನಿವಾರ ಬರುವವರ ಕೈಯಲ್ಲಿ ಕಳಿಸುತ್ತೇನೆ.